ಜಗಳೂರಿನ ಕಂಪ್ಯೂಟರ್ ಕೆಟ್ಟಿರಲಿಲ್ಲ

ನಾಗವೇಣಿ ಮೇಡಂ, ತಪ್ಪಿದ್ದದ್ದು ನಿಮ್ಮ ಜಗಳೂರಿನ ಕಂಪ್ಯೂಟರಿನಲ್ಲಲ್ಲ, ನನ್ನ ಚನ್ನಗಿರಿಯದ್ದರಲ್ಲಿ. ಅದು ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ.

ನಾಲ್ಕು ತಾಲ್ಲೂಕುಗಳ ನಾವು ನಾಲ್ವರು ಅಧ್ಯಾಪಕರು ನಮ್ಮ ಕಾಲೇಜುಗಳ ಲ್ಯಾಬಿಗೆಂದು ಕನ್ನಡದ ಆಪರೇಟಿಂಗ್ ಸಿಸ್ಟಮ್ ಒಂದನ್ನು ಸಿದ್ಧಪಡಿಸುತ್ತಿದ್ದೆವು. ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಭಾಗ ನಿಮ್ಮದು — ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ. ಎಲ್ಲವೂ ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳು ನನ್ನವು. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲಿ ಅವೆಲ್ಲ ಪಾಸಾದವು. ನಿಮ್ಮಲ್ಲಿ ಮಾತ್ರ ಸಾಲಾಗಿ ಫೇಲು. ನಿಮ್ಮ ಭಾಗ ಆಗ ಇದ್ದದ್ದೂ ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ. ತಪ್ಪು ಆ ಭಾಗದ್ದೇ ಎಂದು ನಾನು ತೀರ್ಮಾನಿಸಿದೆ.

ನಾವು ನಾಲ್ವರೂ ನ್ಯಾಮತಿಯಲ್ಲಿ ಸೇರಿದಾಗ ಹೊನ್ನಾಳಿಯ ರುದ್ರೇಶ ನಿಮ್ಮನ್ನು ಕೆಣಕಿದ. "ಜಗಳೂರ್ ಧೂಳು ಹೊಕ್ಕಿರ್ಬೇಕು ಮೇಡಂ, ಒಂದ್ಸಲ ಊದಿ ನೋಡ್ರಿ."

"ಧೂಳು ಒರೆಸಾಕೆ ನಂಗೂ ಬರ್ತೈತೆ ಸರ್," ಎಂದಿರಿ ನೀವು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ ಡಿಸ್ಕ್ ಖಾಲಿ ಮಾಡಿ ಹೊಸದಾಗಿ ಹಾಕಿ ನೋಡ್ರಿ. ಆಮ್ಯಾಕೆ ಮಾತಾಡಾಣ."

"ಮೂರು ಕಡೆ ಸರಿ ಐತಲ್ರೀ ಮೇಡಂ," ಎಂದೆ ನಾನು. "ನಿಮ್ ಭಾಗ ತೆಗೆದ್ಬಿಡಾಣ."

ಮೂರು ಕಡೆ! ನನ್ನ ಡಿಸ್ಕನ್ನೇ ಪೂರ್ತಿ ನಕಲು ಮಾಡಿ ಹೊನ್ನಾಳಿ ಬಸ್ಸಿಗೆ ಕೊಡುತ್ತಿದ್ದೆ. ಅಲ್ಲಿಂದ ಅದು ನ್ಯಾಮತಿಗೆ ಹೋಗುತ್ತಿತ್ತು. ಮೊದಲಿನಿಂದ ಎಲ್ಲವನ್ನೂ ಹೊಸದಾಗಿ ಹಾಕಿಕೊಂಡವರು ನೀವೊಬ್ಬರೇ. ಇದ್ದದ್ದು ಮೂರು ಸಾಕ್ಷಿಗಳಲ್ಲ, ಒಂದೇ ಸಾಕ್ಷಿಯ ಮೂರು ನಕಲು. ಅನುಮಾನಿಸುವುದನ್ನೇ ವಿಶ್ವವಿದ್ಯಾಲಯದಲ್ಲಿ ಕಲಿತು ಬಂದ ನಾನು ಎಲ್ಲರನ್ನೂ ಅನುಮಾನಿಸಿದೆ — ನನ್ನೊಬ್ಬನನ್ನು ಬಿಟ್ಟು.

ನಿಮ್ಮ ಭಾಗವಿಲ್ಲದೆಯೇ ಸಿಸ್ಟಮ್ ಲ್ಯಾಬುಗಳಿಗೆ ಹೋಯಿತು. ನೀವು ಗುಂಪು ಬಿಟ್ಟಿರಿ. ಆಮೇಲೆ ನಮ್ಮ ಕಾಲೇಜಿಗೆ ಬಂದ ಹೊಸ ಕಂಪ್ಯೂಟರಿಗೆ ಎಲ್ಲವನ್ನೂ ಮೊದಲಿನಿಂದ ಹಾಕಿದೆ. ನಿಮ್ಮ ಭಾಗ ಅದರಲ್ಲಿ ಇರಲೇ ಇಲ್ಲ. ಆದರೂ ಅವೇ ಪರೀಕ್ಷೆಗಳು ಫೇಲಾದವು.

ಕಾರಣ ಶೆಲ್ — ನಾವು ಬರೆದ ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಂ. ಹೊಸದಾಗಿ ಹಾಕಿದ ಕಂಪ್ಯೂಟರಿನಲ್ಲಿ, ನಿಮ್ಮದರಲ್ಲೂ, ಆ ಕೆಲಸ ಡ್ಯಾಶ್ ಎಂಬ ಚಿಕ್ಕ, ಕಟ್ಟುನಿಟ್ಟಿನ ಶೆಲ್‌ನದು. ನನ್ನ ಹಳೆಯದರಲ್ಲಿ, ಯಾವುದೋ ಅನುಕೂಲಕ್ಕೆಂದು, ಅದರ ಜಾಗದಲ್ಲಿ ಬ್ಯಾಶ್ ಎಂಬ ಇನ್ನೊಂದನ್ನು ಕೂರಿಸಿದ್ದೆ. ಪರೀಕ್ಷೆಗಳನ್ನು ಬ್ಯಾಶ್‌ಗೆ ಮಾತ್ರ ಅರ್ಥವಾಗುವಂತೆ ಬರೆದಿದ್ದೆ. ಹೊಸದರಲ್ಲೂ ಬ್ಯಾಶ್ ಕೂರಿಸಿದೆ, ಪಾಸಾದವು. ಯಾರಿಗೂ ಹೇಳಲಿಲ್ಲ.

ಗೊತ್ತಾದದ್ದು ಆ ಹೊಸ ಕಂಪ್ಯೂಟರ್ ಬಂದಾಗಲೇ — ಎಂದು ನೆನಪು ಹೇಳುತ್ತದೆ. ಆದರೆ "ಖಾಲಿ ಮಾಡಿ ಹಾಕಿ ನೋಡ್ರಿ" ಎಂದು ನೀವು ಅಂದಾಗ ನಾನು ಅಷ್ಟು ಅವಸರದಲ್ಲಿ ಮಾತು ಮುಗಿಸಿದ್ದೇಕೆ? ಶೆಲ್ ಬದಲಿಸಿದ್ದು ಅವತ್ತೇ ತಲೆಗೆ ಬಂದಿತ್ತೇ, ಅಥವಾ... ನನಗೆ ಅನುಕೂಲವಾಗಿರುವ ನೆನಪನ್ನು ನಾನು ನಂಬುವುದಿಲ್ಲ.

ನಂಬುವುದು ಮಾಡಿ ನೋಡಿದ್ದನ್ನು. ಕಳೆದ ವಾರ ಪರೀಕ್ಷೆಗಳನ್ನೆಲ್ಲ ಎರಡೂ ಶೆಲ್‌ಗಳಲ್ಲಿ ನಡೆಯುವಂತೆ ತಿದ್ದಿದೆ. ಖಾಲಿ ಡಿಸ್ಕಿಗೆ ನಿಮ್ಮ ಭಾಗವನ್ನೂ ಸೇರಿಸಿ ಹಾಕಿದೆ. ಎಲ್ಲವೂ ಪಾಸಾದವು. ನಿಮ್ಮ ಕೆಲಸ ಮೊದಲಿಂದಲೂ ಸರಿಯಾಗಿತ್ತು. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ರುದ್ರೇಶನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು ಕೇಳಿದ: "ಹಂಗಾರೆ ಅವತ್ತೇ ಗೊತ್ತಿತ್ತೇನ್ರೀ ನಿಮ್ಗೆ?"

ನೆನಪಿಲ್ಲ ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

"ಗೊತ್ತಿತ್ತು ಅಂತಲೇ ತಿಳ್ಕೋ," ಎಂದೆ.

ನೀವೂ ಹಾಗೆಯೇ ತಿಳಿಯಿರಿ, ಮೇಡಂ.