ಮಾಸ್ತರರಿಗೆ ಕಲಿಸಲು ಬಂದ ಅಕ್ಕೋರು

ಅಕ್ಕೋರ ಎಡಗಾಲಿಗೆ ತೊಡೆಯಿಂದ ಹಿಮ್ಮಡಿಯವರೆಗೆ, ನಡೆಯಲು ಆಸರೆಯಾಗಿ, ಕಬ್ಬಿಣದ ಕ್ಯಾಲಿಪರ್ ಇತ್ತು. ಭಾನುವಾರ ಮುಂಜಾನೆ ಅದನ್ನು ಬಿಚ್ಚಿ, ನಾನು ಜೋಳ ಹಸನು ಮಾಡುವ ಕಟ್ಟೆಯ ಮೇಲೆಯೇ ಕೂತು, ಅದರ ಕೀಲಿಗೆ ಕೊಬ್ಬರಿ ಎಣ್ಣೆ ಬಿಡುತ್ತಿದ್ದರು. ಬಿಚ್ಚಿದ ಕಾಲು ಸಣ್ಣ ಹುಡುಗಿಯ ಕೈಯಷ್ಟು ದಪ್ಪ. ಮುಚ್ಚಿಕೊಳ್ಳುತ್ತಿರಲಿಲ್ಲ. ನನ್ನ ಕಣ್ಣು ಅಲ್ಲಿಗೆ ಹೋದರೆ, "ನೋಡ್ರಿ ಆಯಿ, ನೋಡೂದಕ್ಕ ನಾ ಬಾಡಿಗಿ ಹಚ್ಚೂದಿಲ್ಲ" ಎನ್ನುತ್ತಿದ್ದರು.

ಅವರ ಊರು ಗಬ್ಬೂರ. ಕೆಲಸದ ಸಲುವಾಗಿ ಧಾರವಾಡಕ್ಕೆ ಬಂದು ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದರು. ಮಕ್ಕಳಿಗಲ್ಲ, ಕಾಲೇಜಿನ ಮಾಸ್ತರರಿಗೆ ಪಾಠ ಹೇಳುವವರು. ಆನ್‌ಲೈನಿನಲ್ಲಿ ಹಾಕುವ ಪಾಠವನ್ನು ಕಣ್ಣು ಕಾಣದವರೂ ಕಿವಿ ಕೇಳದವರೂ ಕಲಿಯುವ ಹಾಗೆ ಹೇಗೆ ಹಾಕಬೇಕು ಎಂಬುದು ಅವರ ವಿದ್ಯೆ. ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು, ನನಗೂ ತಿಳಿಯಿತು. ಮಾಸ್ತರರಿಗೆ ತಿಳಿಯಲಿಲ್ಲ ಎಂದು ನಾನು ಹೇಳುವುದಿಲ್ಲ. ತಿಳಿಯಿತು, ಬೇಡವಾಗಿತ್ತು.

ನನ್ನ ಮಗಳ ಮಗಳು ಹುಟ್ಟುಕುರುಡಿ. ಬಿ.ಎ. ಓದಲು ಉಪ್ಪಿನಬೆಟಗೇರಿಯಿಂದ ಬಂದು ನನ್ನಲ್ಲಿದ್ದಳು. ಅಕ್ಷರವನ್ನೆಲ್ಲ ಫೋನು ಓದುತ್ತದೆ, ಅವಳು ಕೇಳಿ ಕಲಿಯುತ್ತಾಳೆ. ಇತಿಹಾಸದ ಒಂದು ವಿಷಯ ಪೂರ್ತಿ ಆನ್‌ಲೈನ್, ಪರೀಕ್ಷೆಯೂ ಅದರಲ್ಲೇ. ಆ ಮಾಸ್ತರರು ಕೈಯಲ್ಲಿ ಬರೆದ ಹಳೆಯ ಟಿಪ್ಪಣಿಯ ಫೋಟೋ ಹೊಡೆದು ಹಾಕಿದ್ದರು. ಫೋಟೋದೊಳಗಿನ ಬರಹ ಆ ಫೋನಿಗೆ ದಕ್ಕುವುದಿಲ್ಲ. "ಚಿತ್ರ" ಎಂದು ಹೇಳಿ ಸುಮ್ಮನಾಗುತ್ತಿತ್ತು. ಹುಡುಗಿ ನಪಾಸಾದಳು. ನನ್ನ ಅಳಿಯ, "ಇನ್ನೊಮ್ಮೆ ಹಿಂಗಾತಂದ್ರ ಸಾಲಿ ಸಾಕು, ಮನಿಗೆ ಕರಕೊಂಡ ಹೋಗತೇನಿ" ಎಂದ.

ಅಕ್ಕೋರು ಹುಡುಗಿಯ ಕಾಲೇಜಿನ ಬೆನ್ನು ಹತ್ತಿ ಒಂದು ದಿನದ ತರಬೇತಿ ಇಡಿಸಿದರು. ನಮ್ಮನ್ನೂ ಕರೆದೊಯ್ದರು. ಮುಂಜಾನೆ ದೀಪ, ಭಾಷಣ, ಶಾಲು, ಹಾರ. ಮಧ್ಯಾಹ್ನದ ಊಟದವರೆಗೂ ಸನ್ಮಾನವೇ ನಡೆಯಿತು. ಊಟದ ಮೇಲೆ ಅರ್ಧ ಜನ ಉಳಿದರು. ಅಕ್ಕೋರು ಹಾರ ತೆಗೆದಿಟ್ಟು ಹುಡುಗಿಯ ಫೋನನ್ನು ಮೈಕಿಗೆ ಹಿಡಿದರು. "ಚಿತ್ರ. ಚಿತ್ರ. ಚಿತ್ರ." ಮಾಸ್ತರರು ನಕ್ಕರು.

"ನಿಮ್ಮ ಪಾಠ ಇಷ್ಟಽ ನೋಡ್ರಿ, ಸರ" ಎಂದರು ಅಕ್ಕೋರು.

ಇತಿಹಾಸದ ಮಾಸ್ತರರು ಎದ್ದರು. "ಒಬ್ಬ ಹುಡುಗಿ ಸಲುವಾಗಿ ಎಲ್ಲಾ ಮತ್ತ ಬರೀಬೇಕೇನ್ರಿ, ಮೇಡಂ?"

"ಹಾಜರಿ ಕರಿಯೂವಾಗ ಅಕಿ ಹೆಸರು ಬಿಟ್ಟು ಕರೀತೀರೇನ್ರಿ?"

ಚಿತ್ರ ಹಾಕಿದರೆ ಅದರ ಬೆನ್ನಿಗೆ ನಾಲ್ಕು ಮಾತು ಬರೆಯಬೇಕು, ಅದು ಕಣ್ಣಿಗೆ ಕಾಣದಿದ್ದರೂ ಫೋನು ಓದುತ್ತದೆ ಎಂದು ಅಕ್ಕೋರು ಮಾಡಿ ತೋರಿಸಿದರು. ಎಲ್ಲರೂ ತಲೆಯಾಡಿಸಿ, ಪ್ರಮಾಣಪತ್ರ ತೆಗೆದುಕೊಂಡು ಹೋದರು.

ಕೆಲವು ವಾರಗಳ ಮೇಲೆ ಹುಡುಗಿ ಅಡುಗೆಮನೆಯಲ್ಲಿ ಕೂತು ಪಾಠ ಹಚ್ಚಿದಳು. ಫೋನು ಓದಿತು. ಮೊದಲ ಚಿತ್ರಕ್ಕೆ ಮಾಸ್ತರರ ಹೆಸರು, ಎಂ.ಎ., ಪಿಎಚ್.ಡಿ., ಇತಿಹಾಸ ವಿಭಾಗ. ಎರಡನೆಯದಕ್ಕೂ ಅದೇ. ವಿಜಯಪುರದ ಸುಲ್ತಾನರ ರಾಜ್ಯದ ನಕಾಶೆಗೂ ಅದೇ. ಖಾಲಿ ಜಾಗ ಕಂಡರೆ ತಮ್ಮ ಹೆಸರು ಬರೆಯುವುದು ಅವರ ರೂಢಿ. ಹುಡುಗಿ ಮೊದಲು ನಕ್ಕಳು. ಆಮೇಲೆ ಫೋನು ಬೋರಲು ಹಾಕಿದಳು.

ಅಕ್ಕೋರು ಪ್ರಿನ್ಸಿಪಾಲರ ಹತ್ತಿರ ಹೋದರು. ಅವರು ಕಂಪ್ಯೂಟರ್ ತಿರುಗಿಸಿ ತೋರಿಸಿದರಂತೆ. "ಎಲ್ಲಾ ಹಸಿರು ಬಂದಾವ್ರಿ, ಮೇಡಂ. ಒಂದೂ ಖಾಲಿ ಇಲ್ಲ." ಆ ಯಂತ್ರ ತುಂಬಿದೆಯೋ ಇಲ್ಲವೋ ನೋಡುತ್ತದೆ, ಏನು ತುಂಬಿದೆ ಎಂದು ನೋಡುವುದಿಲ್ಲ. ಕೆಲಸ ಮುಗಿದಿದೆ ಎಂದು ಮೇಲಿನವರಿಗೆ ವರದಿ ಹೋಯಿತು. ಮುಗಿದ ಕೆಲಸಕ್ಕೆ ಎರಡನೆಯ ತರಬೇತಿ ಯಾರು ಇಡುತ್ತಾರೆ?

ಅಂದಿನಿಂದ ಸಂಜೆ ಅಕ್ಕೋರು ತಾವೇ ಕೂತು ಆ ಟಿಪ್ಪಣಿಯನ್ನೆಲ್ಲ ಟೈಪ್ ಮಾಡಿ ಹುಡುಗಿಯ ಫೋನಿಗೆ ಹಾಕತೊಡಗಿದರು. ನಾನು ಬೈದೆ. "ಪಗಾರ ಅವರಿಗೆ, ದುಡಿತ ನಿನಗೇನ?"

"ಮಾಡಬಾರದು, ಆಯಿ. ನಾ ಮಾಡಿದ್ರ ಅವರು ಎಂದೂ ಮಾಡೂದಿಲ್ಲ. ಆದ್ರ ಪರೀಕ್ಷಾ ಅವರದಲ್ಲಲ್ಲ."

ಪಾಠ ಹುಡುಗಿಗೆ ಬಾಯಿಪಾಠವಾಯಿತು. ಪರೀಕ್ಷೆ ಮಾತ್ರ ಅಕ್ಕೋರ ಕೈಯಲ್ಲಿರಲಿಲ್ಲ. ಈ ಸಲ ಅದರಲ್ಲಿ ಊರಿನ ಹೆಸರುಗಳನ್ನು ಮೌಸಿನಿಂದ ಎಳೆದು ನಕಾಶೆಯ ಮೇಲೆ ಇಡಬೇಕಿತ್ತು. ಬಾಯಿಂದ ಹೇಳುತ್ತೇನೆ ಎಂದಳಂತೆ, ನಿಯಮವಿಲ್ಲ ಎಂದರಂತೆ. ವೇಳೆ ಮುಗಿದು ಪರದೆ ಮುಚ್ಚಿಕೊಂಡಿತು.

ಅಳಿಯ ಬಂದ. ಅಕ್ಕೋರು ಖೋಲಿಯಿಂದ ಕುಂಟುತ್ತ ಬಂದು ಬಾಗಿಲಲ್ಲಿ ನಿಂತರು. "ಅಕಿಗೆ ಎಲ್ಲಾ ಬರತೈತ್ರಿ. ತಪ್ಪು ಪರೀಕ್ಷಾದಾಗ ಐತಿ."

"ಇರಬೋದ್ರಿ, ಅಕ್ಕೋರ. ನಪಾಸ ಅಂತ ಬಂದದ್ದು ಯಾರ ಹೆಸರಿನ ಮುಂದ?"

ಅಕ್ಕೋರು ಬಾಗಿಲು ಬಿಟ್ಟು ಸರಿದರು. ಹುಡುಗಿ ಅವರ ಕೈ ಮುಟ್ಟಿ ನೋಡಿ ಹೋದಳು.

ಮರುವರ್ಷ ಅಕ್ಕೋರು ಕಾಮಾಲೆಯಾಗಿ ಗಬ್ಬೂರಿನಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಕಾಲೇಜಿನವರು ಯಾರೂ ಕಾಣಲಿಲ್ಲ. ಆಮೇಲೆ ನಾನೇ ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರ ಮುಂದೆ ಕೂತೆ.

"ಭಾಳ ದೊಡ್ಡ ಜೀವಾರಿ ಅವರು" ಎಂದರು.

"ಹೊಗಳಬ್ಯಾಡ್ರಿ. ಆ ಪರೀಕ್ಷಾ ಬದಲ ಮಾಡ್ರಿ. ನನ್ನ ಮೊಮ್ಮಗಳು ಕುಂತು ಬರೀಲಿ."

"ಮುಂದಿನ ಮೀಟಿಂಗಿಗೆ ಇಡತೇನ್ರಿ, ಆಯಿ."

ಆ ಮೀಟಿಂಗು ಆಯಿತು, ಅದರ ಮುಂದಿನದೂ ಆಯಿತು. ಪರೀಕ್ಷೆ ಹಾಗೇ ಇದೆ. ಹುಡುಗಿ ಊರಿನಲ್ಲಿ ರೊಟ್ಟಿ ಬಡಿಯುತ್ತಾಳೆ, ವರ ನೋಡುತ್ತಿದ್ದಾರೆ. ಜವಾನ ನನ್ನನ್ನು ಕಂಡರೆ ಈಗ ಕುರ್ಚಿ ಹಾಕುತ್ತಾನೆ. ಮೊಣಕಾಲು ನೋಯುತ್ತದೆ, ಬಸ್ಸು ಹತ್ತುವುದು ಆಗುವುದಿಲ್ಲ, ಆದರೂ ಸೋಮವಾರ ಮತ್ತೆ ಹೋಗಬೇಕು. ಅಕ್ಕೋರು ಬದುಕಿದ್ದರೆ ಈ ಕೆಲಸ ನನ್ನ ಪಾಲಿಗೆ ಬರುತ್ತಿರಲಿಲ್ಲ.