ಶುಕ್ರವಾರ ಹೊರಟ ಡಬ್ಬಿ

ಗೆಳೆಯರೇ, ಇವತ್ತು ಬೆಳಿಗ್ಗೆ ಅಪ್ಪನ ಮಲದ ಡಬ್ಬಿ ಹಿಡಿದು ಲ್ಯಾಬಿಗೆ ಹೊರಟ ನನ್ನನ್ನು ಅಮ್ಮ ಬಾಗಿಲಲ್ಲೇ ತಡೆದರು.

“ಶುಕ್ರವಾರ ಮನೆಯಿಂದ ಏನೂ ಹೊರಗೆ ಕೊಡಬಾರ್ದು ಕಣೋ. ಲಕ್ಷ್ಮಿ ಹೊರಟೋಗ್ತಾಳೆ.”

“ಇದರಲ್ಲಿ ಯಾವ ಲಕ್ಷ್ಮಿ ಇದಾಳಮ್ಮಾ? ದೊಡ್ಡಪ್ಪ ಕರುಳಿನ ಕ್ಯಾನ್ಸರ್‌ನಲ್ಲೇ ಹೋದ್ರು. ಅಪ್ಪನಿಗೂ ಟೆಸ್ಟ್ ಮಾಡಿಸಿ ಅಂತ ಡಾಕ್ಟ್ರು ಹೇಳಿದಾರೆ.”

“ನಾಳೆ ಕೊಡು.”

“ನಾಳೆ ಆಗತ್ತೋ ಇಲ್ವೋ! ಇವತ್ತು ಬಂದಿದ್ದೇ ಪುಣ್ಯ, ತಗೊಂಡ್ಹೋಗೋ!” ಎಂದು ಅಪ್ಪ ಬಚ್ಚಲುಮನೆಯಿಂದಲೇ ಕೂಗಿದರು.

ಗಾಂಧಿ ಬಜಾರಿನ ಲ್ಯಾಬು ಆಗಷ್ಟೇ ತೆರೆದಿತ್ತು. ಪೂಜೆಯ ಊದುಬತ್ತಿ ಇನ್ನೂ ಉರಿಯುತ್ತಿತ್ತು. “ಇವತ್ತಿನ ಬೋಣಿ ನಿಮ್ದೇ ಸಾರ್” ಎನ್ನುತ್ತಾ ಮಾಲೀಕರು, ಅಭ್ಯಾಸಬಲದಿಂದ, ಡಬ್ಬಿಯನ್ನೇ ಎರಡೂ ಕಣ್ಣಿಗೆ ಒತ್ತಿಕೊಂಡರು.

ಅಮ್ಮ ಹೇಳಿದ್ದೇ ಸರಿ ಕಣ್ರೀ. ಲಕ್ಷ್ಮಿ ಹೊರಟುಹೋದಳು. ನಾನೇ ಕೈಯಾರೆ ಕೊಟ್ಟು ಬಂದೆ.