ಸೇತುವೆಯ ಬಳಿ ಹೊಸಬರಿಗಾಗಿ ಕಾಯುತ್ತಿದ್ದವನು

ನನ್ನ ಗೆಳೆಯ ತೀರಿಕೊಂಡಾಗ ಬೀದಿಯವರೆಲ್ಲ ಬಂದರು. ಬಂದವರೆಲ್ಲ ಒಂದೇ ಮಾತು ಹೇಳಿದರು: ಇರುವೆಗೂ ನೋವು ಮಾಡದ ಮನುಷ್ಯ. ನಾನು ತಲೆ ತಗ್ಗಿಸಿ ನಿಂತಿದ್ದೆ. ಅವನು ಬದುಕಿದ್ದಾಗಲೇ ನನಗೊಂದು ಮಾತು ಹೇಳಿಟ್ಟಿದ್ದ. "ನಾನು ಹೋದ ಮೇಲೆ ಯಾರಾದ್ರೂ ನನ್ನ ತುಂಬಾ ಹೊಗಳಿದ್ರೆ, ಆ ಬೇಕರಿಯವಳ ವಿಷ್ಯ ಹೇಳಿಬಿಡು ಕಣೋ. ಸುಮ್ನೆ ಕೇಳಿಸ್ಕೊಂಡು ನಿಂತ್ಕೋಬೇಡ." ಆ ದಿನ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವನದು ಕನ್ನಡಕದ ಅಂಗಡಿ. ಪಕ್ಕದಲ್ಲಿ ನನ್ನದು, ಹಳೆ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ. ನಡುವೆ ಒಂದೇ ಗೋಡೆ. ಅವನ ಗಾಜು ಉಜ್ಜುವ ಯಂತ್ರ ಶುರುವಾದರೆ ನನ್ನ ಗೋಂದಿನ ಡಬ್ಬಿ ಮೇಜಿನ ಮೇಲೆ ಸಣ್ಣಗೆ ನಡುಗುತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಇಬ್ಬರೂ ಷಟರ್ ಅರ್ಧ ಎಳೆಯುತ್ತಿದ್ದೆವು. ನಾನು ಫ್ಲಾಸ್ಕ್ ಹಿಡಿದು ಅವನ ಹಿಂದಿನ ಕೋಣೆಗೆ ಹೋಗುತ್ತಿದ್ದೆ. ಅಲ್ಲಿ ಒದ್ದೆ ಗಾಜಿನ ಪುಡಿಯ ವಾಸನೆ, ಗೋಡೆಯುದ್ದಕ್ಕೂ ಫ್ರೇಮುಗಳ ಡ್ರಾಯರುಗಳು, ಮೂಲೆಯಲ್ಲಿ ಮಗಳು ಬೇಡವೆಂದು ಬಿಟ್ಟ ಕಂಪ್ಯೂಟರು. ಆ ಕಂಪ್ಯೂಟರಿನೊಳಗೆ ಮಗಳು ಬೇಡವೆಂದು ಬಿಟ್ಟ ಆಟ.

ಅದು ಇಂಟರ್ನೆಟ್ಟಿನಲ್ಲಿ ಸಾವಿರಾರು ಜನ ಒಟ್ಟಿಗೆ ಆಡುವ ಮಾಯಾಲೋಕದ ಆಟ. ಒಬ್ಬೊಬ್ಬರಿಗೂ ಒಂದೊಂದು ವೇಷ: ಕತ್ತಿ ಹಿಡಿದವನು, ಬಿಲ್ಲು ಹಿಡಿದವಳು, ಮಂತ್ರವಾದಿ. ಗುಂಪು ಕಟ್ಟಿಕೊಂಡು ಗುಹೆಗಳಿಗೆ ಇಳಿಯಬೇಕು, ರಾಕ್ಷಸರ ಜೊತೆ ಹೋರಾಡಬೇಕು. ಮಗಳಿಗೆ ತಿಂಗಳೊಳಗೆ ಬೇಸರವಾಯಿತು. ಅಪ್ಪನಿಗೆ ಆಗಲಿಲ್ಲ. ಐವತ್ತು ದಾಟಿದ ನನ್ನ ಗೆಳೆಯ, ಬೊಕ್ಕತಲೆಯವನು, ಅಲ್ಲಿ ಹಸಿರು ಕೂದಲಿನ ಒಬ್ಬ ತರುಣಿ. ಗಾಯಗೊಂಡವರಿಗೆ ದೂರದಿಂದಲೇ ಜೀವ ತುಂಬುವ ಹೀಲರ್. ದನಿ ಮಾತ್ರ ಅವನದೇ ಆದ್ದರಿಂದ ಗುಂಪಿನವರೆಲ್ಲ ಅವನನ್ನು ಅಜ್ಜ ಎನ್ನುತ್ತಿದ್ದರು.

ಅತ್ತಿಗೆ, ಎಂದರೆ ಅವನ ಹೆಂಡತಿ, ಊಟದ ಡಬ್ಬಿ ತಂದಾಗಲೆಲ್ಲ ಬಾಗಿಲಲ್ಲಿ ನಿಂತು ಚುಚ್ಚುತ್ತಿದ್ದರು. "ನೋಡಿ, ಅಲ್ಲಿ ಏಳು ಹೆಡೆ ಹಾವಿಗೆ ಹೆದರಲ್ಲ. ಮನೇಲಿ ಒಂದು ಜಿರಳೆ ಬಂದ್ರೆ ಕುರ್ಚಿ ಮೇಲಿರ್ತಾರೆ."

"ಹಾವಿನ ತಲೆ ಮೇಲೆ ಅದರ ಶಕ್ತಿ ಎಷ್ಟನೇ ಲೆವೆಲ್ ಅಂತ ಬರೆದಿರುತ್ತೆ, ಜಿರಳೆಗೆ ಬರೆದಿರಲ್ಲ ಕಣೇ" ಎನ್ನುತ್ತಿದ್ದ ಇವನು, ತಲೆ ಎತ್ತದೆ.

ಅವನಿಗೆ ಆ ಲೋಕದಲ್ಲಿ ಗುಹೆಗಳಿಗಿಂತ ಇಷ್ಟವಾದ ಜಾಗ ಮೊದಲ ಊರಿನ ಹೊರಗಿನ ಸೇತುವೆ. ಆಟಕ್ಕೆ ಹೊಸದಾಗಿ ಬಂದವರು ಕಣ್ಣು ಬಿಡುವುದೇ ಅಲ್ಲಿ. ಎಲ್ಲಿ ಒತ್ತಬೇಕು ತಿಳಿಯದೆ ಗೋಡೆಗೆ ಮುಖ ಮಾಡಿ ಓಡುತ್ತಿರುತ್ತಾರೆ, ನೀರಿಗೆ ಬೀಳುತ್ತಾರೆ. ಇವನು ಅಲ್ಲಿ ಹೋಗಿ ಕಾಯುತ್ತಿದ್ದ. ಯಾರಾದರೂ ಬಂದರೆ ಮೈಕಿನಲ್ಲಿ ಶುರು.

"ಮೊದಲು ನಿಂತ್ಕೊಳ್ಳಿ. ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ. ದಾರಿ ಹೇಳೋಕೆ ಅಂತ ಆಟದವರು ನಿಲ್ಲಿಸಿರೋ ಆ ಗೊಂಬೆ ಮುದುಕ ಏನು ಹೇಳ್ತಾನೆ ಪೂರ್ತಿ ಓದಿ, ಎಲ್ಲರೂ ಓದದೆ ಒತ್ತಿಬಿಡ್ತಾರೆ, ಆಮೇಲೆ ಕಾಡಲ್ಲಿ ಅಳ್ತಾರೆ. ಕತ್ತಿ ಹೊಳೀತಿದೆ ಅಂತ ತಗೋಬೇಡಿ, ಎತ್ತೋಕಾಗುತ್ತಾ ನೋಡಿ. ಚೀಲ ತುಂಬಿದ್ರೆ ಊರಿಗೆ ವಾಪಸ್ ಬನ್ನಿ, ನಾಚಿಕೆ ಇಲ್ಲ. ಓಡಿ ಹೋಗಬೇಕು ಅನ್ಸಿದ್ರೆ ಓಡಿ, ಆದ್ರೆ ನಿಮ್ಮವರ ಕಡೆ ಓಡಬೇಡಿ. ರಾಕ್ಷಸನೂ ಹಿಂದೇನೇ ಬರ್ತಾನೆ."

ನನಗೆ ಆಟ ತಿಳಿಯದು. ಆದರೆ ಆ ಬುದ್ಧಿಮಾತುಗಳನ್ನು ಕೇಳುತ್ತ ಚಹಾ ಕುಡಿಯುವುದು ಹಿತವಾಗಿತ್ತು. ಗಿರಾಕಿಗಳಿಗೆ ಹೊಸ ಕನ್ನಡಕ ಹಾಕಿಕೊಟ್ಟು "ಮೊದಲು ಮೆಟ್ಟಿಲು ಹತ್ತಿರ ಕಾಣುತ್ತೆ, ಹೆದರಬೇಡಿ, ನಿಧಾನ" ಎನ್ನುವಾಗ ಇದ್ದ ದನಿಯೇ ಅದು.

ಅವನು ತನ್ನ ಗುಂಪಿಗೆ ಒಂದು ಪದ್ಧತಿಯನ್ನೂ ಹಾಕಿಕೊಟ್ಟಿದ್ದ. ಗುಹೆಯಲ್ಲಿ ಎಲ್ಲರೂ ಸತ್ತರೆ ಬಾಗಿಲ ಬಳಿ ಮತ್ತೆ ಹುಟ್ಟುತ್ತಾರೆ. ಬೇರೆ ಗುಂಪುಗಳಲ್ಲಿ ಆಗ ಶುರುವಾಗುವುದು ಜಗಳ, ನಿನ್ನಿಂದ, ನಿನ್ನಿಂದ ಎಂದು. ಇವನ ಗುಂಪಿನಲ್ಲಿ ಹಾಗಿಲ್ಲ. ತಪ್ಪು ಮಾಡಿದವರು ತಾವಾಗಿ "ನನ್ನದು" ಎನ್ನಬೇಕು. ಅಷ್ಟೇ. ಆಮೇಲೆ ಯಾರೂ ಏನೂ ಕೇಳಬಾರದು, ಮತ್ತೆ ಒಳಗೆ ಹೋಗಬೇಕು. ಸೇತುವೆಯ ಮೇಲೆ ಹೊಸಬರಿಗೆ ಕೊನೆಯದಾಗಿ ಅವನು ಹೇಳುತ್ತಿದ್ದದ್ದು ಇದನ್ನೇ. "ನಮ್ಮಲ್ಲಿ ತಪ್ಪು ಮಾಡೋದು ತಪ್ಪಲ್ಲ. ಹೇಳದೇ ಇರೋದು ತಪ್ಪು."

ಬೇಕರಿಯವಳು ಬರುವ ಹೊತ್ತಿಗೆ ಅವನ ಕಣ್ಣಿಗೆ ಏನೋ ಆಗಿತ್ತು. ಇದು ನನಗೂ ತಿಳಿದದ್ದು ಆಮೇಲೆ. ನೋಟದ ನಟ್ಟನಡುವೆ ಒಂದು ಮಸುಕು, ಬೆರಳೊತ್ತಿದ ಗಾಜಿನ ಹಾಗೆ. ಅಂಚಿನಲ್ಲಿ ಎಲ್ಲ ಕಾಣುತ್ತದೆ, ದಿಟ್ಟಿಸಿದ್ದು ಮಾತ್ರ ಕಾಣುವುದಿಲ್ಲ. ಯಾವ ಕನ್ನಡಕದಿಂದಲೂ ಸರಿಹೋಗದ ತೊಂದರೆ. ಡಾಕ್ಟರರು ಹೇಳುವ ಮುಂಚೆಯೇ ಅವನಿಗೆ ಗೊತ್ತಾಗಿತ್ತು. ಯಾರಿಗೂ ಹೇಳಲಿಲ್ಲ. ಕನ್ನಡಕದ ಸಣ್ಣ ಸ್ಕ್ರೂಗಳನ್ನು ಬೆರಳ ತುದಿಯಿಂದಲೇ ಹುಡುಕಿ ತಿರುಗಿಸುತ್ತಿದ್ದ. ಸ್ಕ್ರೀನನ್ನು ಕತ್ತು ಓರೆ ಮಾಡಿಕೊಂಡು ನೋಡುತ್ತಿದ್ದ. "ಏನೋ ಅದು, ಕೋಳಿ ಕಾಳು ನೋಡೋ ಹಾಗೆ?" ಎಂದು ನಾನು ನಕ್ಕರೆ, "ಕತ್ತು ಹಿಡಿದಿದೆ" ಎಂದ.

ಬೇಕರಿಯವಳ ದನಿ ಇನ್ನೂ ನನ್ನ ಕಿವಿಯಲ್ಲಿದೆ. ನಲವತ್ತರ ಆಸುಪಾಸಿನ ಹೆಂಗಸಿರಬೇಕು. ಬೆಳಗಿನ ಪಾಳಿಯಲ್ಲಿ ಹಿಟ್ಟು ನಾದಿ, ಬ್ರೆಡ್ಡು ಬೇಯಿಸಿ, ಮಧ್ಯಾಹ್ನ ಮನೆಗೆ ಬಂದು ಆಡಲು ಕೂರುತ್ತಿದ್ದಳು. ಹೆಡ್‌ಫೋನ್ ಕಿವಿಗೆ ಒತ್ತುತ್ತದೆಂದು ಇವನು ಸ್ಪೀಕರ್ ಹಾಕಿಕೊಂಡಿರುತ್ತಿದ್ದರಿಂದ ನನಗೂ ಎಲ್ಲ ಕೇಳುತ್ತಿತ್ತು.

"ಅಣ್ಣಾ, ನಾನು ಸ್ವಲ್ಪ ನಿಧಾನ. ಬೇಕರಿಯಲ್ಲಿ ನನ್ನ ಮಂದಮ್ಮ ಅಂತಾರೆ. ಪರವಾಗಿಲ್ವಾ?" ಎಂದಿದ್ದಳು ಮೊದಲ ದಿನ.

"ನಿಧಾನದವರೇ ಬೇಕು ತಂಗಿ. ಅವಸರದವರೆಲ್ಲ ನೀರಲ್ಲಿದಾರೆ ನೋಡಿ" ಎಂದಿದ್ದ ಇವನು. ಅವಳು ನಕ್ಕಿದ್ದಳು.

ಸೇತುವೆಯ ಸುತ್ತಮುತ್ತ ಕೆಲವು ವಾರ ಅಭ್ಯಾಸ ಮಾಡಿಸಿ, ಒಂದು ಮಧ್ಯಾಹ್ನ ಅವಳನ್ನು ಮೊದಲ ಸಲ ಗುಹೆಗೆ ಕರೆದುಕೊಂಡು ಹೋದ. ಜೊತೆಗೆ ಗುಂಪಿನ ಹಳಬರು ಇಬ್ಬರು. ಒಬ್ಬನಿಗೆ ಅವನ ಆಯುಧದ ಮೇಲೆ ಕೊಡಲಿ ಎಂದೇ ಹೆಸರು. ಬಾಯಿ ಚುರುಕು. ಇನ್ನೊಬ್ಬ ಬಿಲ್ಲಿನವನು, ಮಾತು ಕಡಿಮೆ. ನಾನು ಎಂದಿನಂತೆ ಸ್ಟೂಲಿನ ಮೇಲೆ ಕೂತಿದ್ದೆ.

ಆ ಗುಹೆಯ ರಾಕ್ಷಸ ನೆಲದ ಮೇಲೆ ಬೆಂಕಿ ಉಗುಳುವವನು, ಅದರ ಮೇಲೆ ನಿಂತವರ ಜೀವ ಇಳಿಯುತ್ತ ಹೋಗುತ್ತದೆ. ಹೋರಾಟ ಶುರುವಾಯಿತು. ಸ್ವಲ್ಪ ಹೊತ್ತಿಗೆ ಅವಳ ದನಿ ಬಂತು. "ಅಣ್ಣಾ, ನನ್ನ ಜೀವ ಕಡಿಮೆ ಆಗ್ತಿದೆ." ಮತ್ತೆ, "ಅಣ್ಣಾ, ಇಲ್ಲೇ ಕಂಬದ ಪಕ್ಕ ಇದೀನಿ." ಇವನು ಕತ್ತು ಓರೆ ಮಾಡಿ ಮೌಸ್ ಒತ್ತುತ್ತಲೇ ಇದ್ದ. ಪರದೆಯ ಅಂಚಿನಲ್ಲಿ ಒಬ್ಬೊಬ್ಬರ ಹೆಸರಿನ ಕೆಳಗೆ ಒಂದು ಸಣ್ಣ ಪಟ್ಟಿ ಇರುತ್ತದೆ, ಜೀವ ಎಷ್ಟಿದೆಯೆಂದು ತೋರಿಸಲು. ಹೀಲರ್ ನೋಡಬೇಕಾದದ್ದು ಅದನ್ನೇ. ದಿಟ್ಟಿಸಿದೊಡನೆ ಮಸುಕಾಗಿ, ಅವನಿಗೆ ಯಾವ ಪಟ್ಟಿ ಯಾರದು ಎಂದು ತಿಳಿಯುತ್ತಿರಲಿಲ್ಲ. ಅವಳು ಬಿದ್ದಳು, ಹಿಂದೆಯೇ ಎಲ್ಲರೂ.

ಬಾಗಿಲ ಬಳಿ ಎಲ್ಲರೂ ಎದ್ದು ನಿಂತರು. "ನನ್ನದು" ಎನ್ನುವ ಮಾತಿಗೆ ಎಲ್ಲರೂ ಕಾಯುತ್ತಿದ್ದರು.

"ಯಾರದಪ್ಪಾ ಇದು?" ಎಂದ ಕೊಡಲಿ.

ಇವನ ಬಾಯಿ ಸ್ವಲ್ಪ ತೆರೆದದ್ದನ್ನು ನಾನು ನೋಡಿದೆ.

"ನನ್ನದಿರಬೇಕು" ಎಂದಳು ಅವಳು. "ಅಲ್ವಾ ಅಣ್ಣಾ?"

"ಹ್ಞೂಂ, ಬೆಂಕಿ ಮೇಲೆ ನಿಂತಿದ್ರಿ ತಂಗಿ" ಎಂದ ಇವನು.

ಮತ್ತೆ ಒಳಗೆ ಹೋದರು. ಮತ್ತೆ ಹಾಗೆಯೇ ಆಯಿತು. ಈ ಸಲ ಅವಳು ಯಾರೂ ಕೇಳುವ ಮುಂಚೆಯೇ "ನನ್ನದು" ಎಂದಳು. ಇನ್ನೊಮ್ಮೆ ಹೋದರು, ಇನ್ನೊಮ್ಮೆ ಬಿದ್ದರು. ಕೊಡಲಿ ತಡೆಯಲಾರದೆ ಹೇಳಿದ, "ಬೇಕರಿಯಲ್ಲಿ ಒಲೆ ಮುಂದೆ ನಿಂತು ನಿಂತು ಅಕ್ಕನಿಗೆ ಬೆಂಕಿ ಗೊತ್ತೇ ಆಗಲ್ಲ ಅನ್ಸುತ್ತೆ!" ಬಿಲ್ಲಿನವನು ನಕ್ಕ. ನನ್ನ ಗೆಳೆಯನೂ ನಕ್ಕ. ಅವಳೂ ನಕ್ಕಳು. ನಗು ಮುಗಿದ ಮೇಲೆ, "ಎಲ್ಲರ ಸಮಯ ಹಾಳು ಮಾಡ್ದೆ. ಕ್ಷಮಿಸಿ" ಎಂದು ಹೊರಟುಹೋದಳು.

ಮರುದಿನ ಸೇತುವೆಯ ಬಳಿ ಅವಳಿರಲಿಲ್ಲ. ಆ ವಾರವೂ ಇಲ್ಲ, ಮುಂದಿನ ವಾರವೂ ಇಲ್ಲ.

ನನ್ನ ಗೆಳೆಯ ಮಾತು ಕಡಿಮೆ ಮಾಡಿದ. ಒಂದು ದಿನ ನಾನು ಚಹಾ ಬಗ್ಗಿಸುತ್ತಿದ್ದಾಗ ಗೋಡೆ ಕಡೆ ನೋಡುತ್ತ ಎಲ್ಲವನ್ನೂ ಹೇಳಿದ. ಮೊದಲು ಕಣ್ಣಿನ ವಿಷಯ, ಆಮೇಲೆ ಅವಳ ವಿಷಯ. "ಅವಳು ಬೆಂಕಿ ಮೇಲೆ ನಿಂತಿದ್ಳೋ ಇಲ್ವೋ ನನಗೆ ಗೊತ್ತಿಲ್ಲ ಕಣೋ. ಬಾಯಿಗೆ ಬಂದಿದ್ದು ಹೇಳಿದೆ. ಹೊಸಬರು ಏನು ಹೇಳಿದ್ರೂ ನಂಬ್ತಾರೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ."

"ಆಟ ತಾನೇ" ಎಂದೆ ನಾನು, ಸಮಾಧಾನಕ್ಕೆ.

"ಹೌದು, ಆಟದಲ್ಲೇ ಇಷ್ಟು. ಆಟದಲ್ಲಿ ಏನು ಹೋಗ್ತಿತ್ತು ನನ್ನದು? ಅಜ್ಜನಿಗೆ ಕಣ್ಣು ಕಾಣಲ್ಲ ಅಂತಿದ್ರು, ಅಷ್ಟೇ. ಅಷ್ಟಕ್ಕೆ ಹೆದರಿ ಅವಳನ್ನ ಮುಂದೆ ತಳ್ಳಿದೆ."

ದೀಪದ ಬುಡದಲ್ಲಿ ಕತ್ತಲೆ ಎನ್ನುವ ಗಾದೆ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಆ ಸಂಜೆ ಅವನು ಅತ್ತಿಗೆಗೂ ಕಣ್ಣಿನ ವಿಷಯ ಹೇಳಿದನಂತೆ. "ವರ್ಷದಿಂದ ಒಂದು ಕಾಲಿಗೆ ಕಪ್ಪು, ಒಂದು ಕಾಲಿಗೆ ನೀಲಿ ಕಾಲುಚೀಲ ಹಾಕ್ಕೊಂಡು ಓಡಾಡ್ತಿದೀರಿ. ನನಗೆ ಗೊತ್ತಿರಲ್ವಾ? ಯಾವಾಗ ಹೇಳ್ತೀರಿ ಅಂತ ಕಾಯ್ತಿದ್ದೆ" ಎಂದರಂತೆ ಅವರು.

ಮನೆಯಲ್ಲಿ ಹೇಳಿದ್ದಾಯಿತು, ಅಂಗಡಿಯಲ್ಲಿ ಸಣ್ಣ ಕೆಲಸಗಳಿಗೆ ಇನ್ನೊಬ್ಬರನ್ನು ಇಟ್ಟುಕೊಂಡದ್ದೂ ಆಯಿತು. ಕನ್ನಡಕದವನಿಗೇ ಕಣ್ಣಿಲ್ಲ ಎಂದು ಊರು ನಗಲಿಲ್ಲ. ಆದರೆ ಅವಳಿಗೆ ಹೇಳದೆ ಅವನಿಗೆ ನೆಮ್ಮದಿ ಇರಲಿಲ್ಲ. ಆಟದೊಳಗೇ ಅವಳಿಗೆ ಸಂದೇಶ ಕಳಿಸಿದ. ಅಕ್ಷರ ದೊಡ್ಡದು ಮಾಡಿಕೊಂಡು, ನನ್ನಿಂದ ಓದಿಸಿ ಸರಿ ನೋಡಿಕೊಂಡು. ದಿನವೂ ಕೇಳುತ್ತಿದ್ದ, "ಏನಾದ್ರೂ ಬಂತಾ ನೋಡೋ." ಬಹಳ ಕಾಲದ ಮೇಲೆ ಒಂದು ಸಾಲು ಬಂತು: ನಾಳೆ ಮಧ್ಯಾಹ್ನ ಬರ್ತೀನಿ ಅಣ್ಣಾ, ಜಾಸ್ತಿ ಹೊತ್ತು ಇರೋಕಾಗಲ್ಲ.

ಮರುದಿನ ಅವನು ಕೊಡಲಿಯನ್ನೂ ಬಿಲ್ಲಿನವನನ್ನೂ ಕರೆಸಿದ. ಅವಳು ತಪ್ಪು ಒಪ್ಪಿಕೊಂಡದ್ದು ಅವರೆದುರಿಗೆ, ಆದ್ದರಿಂದ ತಾನು ಹೇಳುವುದೂ ಅವರೆದುರಿಗೇ ಆಗಬೇಕು ಎಂದ. ನಾನು ಹೊರಗೆ ಹೋಗಲು ಎದ್ದೆ. ಅಂಗಿ ಹಿಡಿದು ಕೂರಿಸಿದ.

ಅವಳು ಬಂದಳು. ಮೈಕಿನಲ್ಲಿ ಹಿಂದೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ತಂಗಿ, ಆ ದಿನದ್ದು ನನ್ನದು" ಎಂದ. "ಪ್ರತಿ ಸಲದ್ದೂ ನನ್ನದೇ. ನನಗೆ ಕಣ್ಣು ಸರಿಯಾಗಿ ಕಾಣಲ್ಲ. ನಿಮ್ಮ ಪಟ್ಟಿ ನನಗೆ ಕಾಣಿಸ್ಲೇ ಇಲ್ಲ. ಬೆಂಕಿ ಅಂದಿದ್ದು ಸುಳ್ಳು. ನಿಮ್ಮ ತಲೆ ಮೇಲೆ ಹಾಕಿಬಿಟ್ಟೆ."

"ಅಜ್ಜಾ, ಹಾಗಾದ್ರೆ..." ಎಂದು ಶುರು ಮಾಡಿದ ಕೊಡಲಿ ಅಷ್ಟಕ್ಕೇ ಬಿಟ್ಟ.

ಅವಳು ಹೇಳಿದಳು, "ಆ ದಿನ ಕೂತು ಸಾಯಂಕಾಲದವರೆಗೂ ಯೋಚನೆ ಮಾಡ್ದೆ ಅಣ್ಣಾ. ಎಲ್ಲಿತ್ತು ಬೆಂಕಿ, ಎಲ್ಲಿತ್ತು ಅಂತ. ನನಗೆ ಕಂಡೇ ಇರಲಿಲ್ಲ. ಕಣ್ಮುಂದೆ ಇರೋದೂ ಕಾಣಲ್ವಲ್ಲ, ಬೇಕರಿಯವರು ಹೇಳೋದೇ ಸರಿ ಅಂದ್ಕೊಂಡೆ." ಆಮೇಲೆ ಕೇಳಿದಳು, "ಹಾಗಾದ್ರೆ ನಾನು ಸರಿಯಾಗಿ ಆಡ್ತಿದ್ನಾ?"

ಹೌದು ಎಂದರೆ ಮುಗಿಯುತ್ತಿತ್ತು. ನಾನು ಅವನತ್ತ ನೋಡಿ ತಲೆಯಾಡಿಸಿದೆ, ಹೇಳು, ಹೇಳು ಎಂದು. ಅವನು ನನ್ನ ಕಡೆ ತಿರುಗಲೇ ಇಲ್ಲ.

"ನನಗೆ ಗೊತ್ತಿಲ್ಲ ತಂಗಿ. ನಾನು ನೋಡಲಿಲ್ಲ. ಕಾಣಿಸ್ತಿರಲಿಲ್ಲ." ಅವನ ದನಿ ಇಳಿದುಹೋಗಿತ್ತು. "ಕೊಡಲೀ, ನೀನಿದ್ದೆಯಲ್ಲ. ಅವರು ಹೇಗೆ ಆಡ್ತಿದ್ರು?"

"ಅಯ್ಯೋ, ನಾನು ರಾಕ್ಷಸನ್ನ ನೋಡ್ತಿದ್ದೆ ಅಜ್ಜಾ. ಹೊಸಬರನ್ನ ಯಾರು ನೋಡ್ತಾರೆ?"

"ಬಿಲ್ಲಿನವನೇ, ನೀನು ನೋಡಿದ್ಯಾ?"

"ಗಮನಿಸ್ಲಿಲ್ಲ."

"ಸರಿ ಬಿಡಿ" ಎಂದಳು ಬೇಕರಿಯವಳು. ಕೋಪವಿರಲಿಲ್ಲ, ಅದೇ ಕಷ್ಟ. "ಹೇಳಿದ್ರಲ್ಲ, ಒಳ್ಳೇದಾಯ್ತು. ಆದ್ರೆ ನನಗೆ ಮತ್ತೆ ಆಡೋ ಮನಸ್ಸಿಲ್ಲ ಅಣ್ಣಾ. ನಿಮ್ಮ ಕಣ್ಣು ನೋಡ್ಕೊಳ್ಳಿ."

ಅವಳು ಹೋದ ಮೇಲೆ ಅವನು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಕೂತ. "ಹೌದು ಅಂದಿದ್ರೆ ಏನಾಗ್ತಿತ್ತೋ?" ಎಂದೆ.

"ಇನ್ನೊಂದು ಸುಳ್ಳಾಗ್ತಿತ್ತು. ಅದನ್ನೂ ನಂಬ್ತಿದ್ಳು."

ಆಮೇಲೂ ಅವನು ಸೇತುವೆಗೆ ಹೋಗುತ್ತಿದ್ದ. ಹೀಲರ್ ಕೆಲಸ ಬಿಟ್ಟಿದ್ದ. ಚೀಲ, ಕತ್ತಿ, ಓಡುವ ದಿಕ್ಕು, ಎಲ್ಲ ಬುದ್ಧಿಮಾತೂ ಹಾಗೆಯೇ ಇದ್ದವು. ಹೊಸದೊಂದು ಸೇರಿತ್ತು. "ನಿಮ್ಮದು ತಪ್ಪು ಅಂತ ಯಾರಾದ್ರೂ ಅಂದ್ರೆ, ನೀವು ನೋಡಿದ್ರಾ ಅಂತ ಕೇಳಿ. ಹಳಬರಾದ್ರೂ ಕೇಳಿ. ನಾನಾದ್ರೂ ಕೇಳಿ." ಹೊಸಬರು ಹ್ಞೂಂ ಹ್ಞೂಂ ಎಂದು ಕತ್ತಿ ಹುಡುಕಿಕೊಂಡು ಓಡುತ್ತಿದ್ದರು.

ಕೊನೆಗೆ ಅವನನ್ನು ಒಯ್ದದ್ದು ಹೃದಯ, ಕಣ್ಣಲ್ಲ. ಬೆಳಿಗ್ಗೆ ಷಟರ್ ಎತ್ತಲು ಬಗ್ಗಿದವನು ಏಳಲಿಲ್ಲ. ಗುಂಪಿನವರಿಗೆ ನಾನೇ ಆ ಕಂಪ್ಯೂಟರಿನ ಮುಂದೆ ಕೂತು ತಿಳಿಸಿದೆ. ಕೊಡಲಿ ಅತ್ತ. ಬೇಕರಿಯವಳಿಗೂ ಒಂದು ಸಂದೇಶ ಕಳಿಸಿದ್ದೇನೆ, ಓದಿದಳೋ ಇಲ್ಲವೋ ತಿಳಿಯದು. ಅವನು ಒಳ್ಳೆಯವನು ಎಂದು ಅದರಲ್ಲಿ ಬರೆಯಲಿಲ್ಲ. ಅವಳು ಚೆನ್ನಾಗಿ ಆಡುತ್ತಿದ್ದಳು ಎಂದು ಬರೆಯಬೇಕೆನಿಸಿತು. ಅದನ್ನೂ ಬರೆಯಲಿಲ್ಲ. ನಾನೂ ಆ ಕೋಣೆಯಲ್ಲೇ ಕೂತಿದ್ದೆ. ನನಗೂ ಗೊತ್ತಿಲ್ಲ.